ಮೂರು ದೇಶಗಳ ಜೈಲು, ಒಂದೇ ಹಟ

ಡಬ್ಲಿನ್‌ನಲ್ಲಿ ಸರ್ಕಾರದ ಕಿಟಕಿ ಗಾಜು ಒಡೆದು ಸೆರೆಮನೆ ಸೇರಿದ ಮಾರ್ಗರೆಟ್ ಕಸಿನ್ಸ್, ಭಾರತದ ಹೆಣ್ಣುಮಕ್ಕಳ ಮತದ ಹಕ್ಕಿನ ಮನವಿಯನ್ನು ಬರೆದವರು. ಮಂಗಳೂರಿನ ಕಮಲಾದೇವಿಯನ್ನು ಚುನಾವಣೆಗೆ ನಿಲ್ಲಿಸಿದವರು. ಕನ್ನಡಿಗರಿಗೆ ಅವರ ಗಂಡನ ಹೆಸರು ಚೆನ್ನಾಗಿ ಗೊತ್ತು.

ಕುವೆಂಪು ಕನ್ನಡಕ್ಕೆ ಒಲಿದ ಕತೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ವಿದ್ಯಾರ್ಥಿ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಓದಿದ ಕಸಿನ್ಸ್, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದರು. ಆ ಒಂದು ಮಾತಿಗಾಗಿ ನಾವು ಜೇಮ್ಸ್ ಅವರನ್ನು ಇಂದಿಗೂ ನೆನೆಯುತ್ತೇವೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವುದರಲ್ಲಿ ಅವರ ಕೈ ಇತ್ತು ಎಂಬುದನ್ನೂ ಕಲೆಯ ಆಸಕ್ತರು ಬಲ್ಲರು.

ಅವರ ಹೆಂಡತಿ ಮಾರ್ಗರೆಟ್ ಅವರನ್ನು ಬಲ್ಲವರು ಕಡಿಮೆ. ಲಂಡನ್ನಿನಲ್ಲಿ ಒಮ್ಮೆ, ಐರ್ಲೆಂಡಿನಲ್ಲಿ ಒಮ್ಮೆ, ಕೊನೆಗೆ ನಮ್ಮ ವೆಲ್ಲೂರಿನಲ್ಲಿ ಒಮ್ಮೆ, ಹೀಗೆ ಮೂರು ನೆಲಗಳಲ್ಲಿ ಒಂದೇ ಸಾಮ್ರಾಜ್ಯದ ಜೈಲು ಕಂಡ ಹೆಂಗಸು ಅವರು. ಭಾರತದ ಹೆಣ್ಣಿಗೆ ಓಟು ಬೇಕು ಎಂಬ ಬೇಡಿಕೆ ಮೊದಲ ಬಾರಿಗೆ ಸರ್ಕಾರದ ಮುಂದೆ ಬರವಣಿಗೆಯಲ್ಲಿ ಹೋದಾಗ, ಅದರ ಕರಡು ಅವರದು.

ಅವರ ಬದುಕನ್ನು ಇವತ್ತು ಹೇಳಲೇಬೇಕಾದ ಕಾರಣ ಒಂದಿದೆ. ಭಾರತದಲ್ಲಿ ಹೆಣ್ಣುಮಕ್ಕಳಿಗೆ ಮತದ ಹಕ್ಕು ಹೋರಾಟವೇ ಇಲ್ಲದೆ ಸಿಕ್ಕಿತು, ಸ್ವಾತಂತ್ರ್ಯದ ಜೊತೆಗೆ ತಾನಾಗಿ ಬಂತು ಎನ್ನುವ ಮಾತನ್ನು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಓದಿದವರೂ ಇದನ್ನೇ ಹೇಳುತ್ತಾರೆ. ಇದು ನಿಜವಲ್ಲ. 1917ರಿಂದ 1950ರವರೆಗೆ ಮೂವತ್ತಮೂರು ವರ್ಷ ಈ ಹಕ್ಕಿಗಾಗಿ ಹೆಂಗಸರು ಬರೆದರು, ಊರೂರು ಅಲೆದರು, ಸಮುದ್ರ ದಾಟಿ ಸಾಕ್ಷಿ ನುಡಿದರು, ಚುನಾವಣೆಗೆ ನಿಂತು ಸೋತರು. ಆ ಸಾಲಿನ ಮೊದಲ ತಲೆಗಳಲ್ಲಿ ಮಾರ್ಗರೆಟ್ ಒಬ್ಬರು.

ಪಿಯಾನೊ ಮುಂದಿನಿಂದ ಬೀದಿಗೆ

ಐರ್ಲೆಂಡಿನ ಪಶ್ಚಿಮಕ್ಕೆ ರಾಸ್‌ಕಾಮನ್ ಜಿಲ್ಲೆಯಲ್ಲಿ ಬಾಯ್ಲ್ ಎಂಬ ಸಣ್ಣ ಪಟ್ಟಣ. 1878ರ ನವೆಂಬರ್ 7ರಂದು ಅಲ್ಲಿ ಹುಟ್ಟಿದ ಮಾರ್ಗರೆಟ್ ಗಿಲೆಸ್ಪಿ ತುಂಬು ಸಂಸಾರದ ಹಿರಿಯ ಮಗಳು. ತಂದೆ ಕೋರ್ಟಿನ ಗುಮಾಸ್ತರು. ಮನೆಯವರು ಪ್ರಾಟೆಸ್ಟೆಂಟರು, ಬ್ರಿಟಿಷ್ ಆಳಿಕೆಗೆ ನಿಷ್ಠರು. ಮಗಳಿಗೆ ಸಂಗೀತದ ಹುಚ್ಚು. ಡಬ್ಲಿನ್‌ಗೆ ಹೋಗಿ ಪಿಯಾನೊ ಕಲಿತು, 1902ರಲ್ಲಿ ಸಂಗೀತದಲ್ಲಿ ಪದವಿ ಪಡೆದರು. ಮರುವರ್ಷ ಜೇಮ್ಸ್ ಅವರೊಂದಿಗೆ ಮದುವೆ. ಯೇಟ್ಸ್ ಮತ್ತು ಜಾರ್ಜ್ ರಸೆಲ್ ಅವರ ಬಳಗದಲ್ಲಿ ಓಡಾಡುತ್ತಿದ್ದ ಕವಿ ಆತ. ಜೇಮ್ಸ್ ಜಾಯ್ಸ್ ಕೂಡ ಕೆಲವು ದಿನ ಈ ದಂಪತಿಯ ಮನೆಯಲ್ಲಿ ಉಳಿದಿದ್ದುಂಟು. ಇಬ್ಬರೂ ಮಾಂಸಾಹಾರ ಬಿಟ್ಟರು, ಥಿಯಾಸಫಿಯ ಕಡೆ ಒಲಿದರು.

1906ರಲ್ಲಿ ಸಸ್ಯಾಹಾರಿಗಳ ಸಮ್ಮೇಳನಕ್ಕೆಂದು ಮ್ಯಾಂಚೆಸ್ಟರ್‌ಗೆ ಹೋದ ಮಾರ್ಗರೆಟ್, ಅಲ್ಲಿ ಮಹಿಳಾ ಹಕ್ಕುಗಳ ಚರ್ಚೆಗೆ ಕಿವಿಗೊಟ್ಟರು. ಎಮೆಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮತದ ಹಕ್ಕಿನ ಸಂಘ ಕಟ್ಟಿದ ಊರು ಅದು. ಮಾತು ಸಾಕು, ಕೆಲಸ ಬೇಕು ಎಂದು ಬೀದಿಗಿಳಿದ ಆ ಸಂಘದ ಹೆಂಗಸರು ಆಗಲೇ ಜೈಲಿಗೆ ಹೋಗಲು ಶುರುಮಾಡಿದ್ದರು.

ಡಬ್ಲಿನ್‌ನಲ್ಲೂ ಮತದ ಹಕ್ಕಿನ ಹಳೆಯ ಸಂಘವೊಂದಿತ್ತು. ಅದು ಪತ್ರ ಬರೆಯುವ, ವಿನಯದಿಂದ ಕಾಯುವ ಸಂಘ. ಮಾರ್ಗರೆಟ್ ಮೊದಲು ಅದನ್ನೇ ಸೇರಿದರು. ಕಾಯುವುದು ಸಾಕಾಗಿ, 1908ರಲ್ಲಿ ಗೆಳತಿ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಜೊತೆ ಐರಿಷ್ ವಿಮೆನ್ಸ್ ಫ್ರಾಂಚೈಸ್ ಲೀಗ್ ಕಟ್ಟಿದರು. ಭಾನುವಾರಗಳಂದು ಫೀನಿಕ್ಸ್ ಪಾರ್ಕಿನಲ್ಲಿ ನಿಂತು ಭಾಷಣ ಮಾಡುವುದು, ಗಾಡಿ ಏರಿ ಹಳ್ಳಿಗಳಿಗೆ ಹೋಗುವುದು, ಗೇಲಿ ಮಾಡುವ ಗುಂಪಿನ ಎದುರು ದನಿ ತಗ್ಗಿಸದೆ ಮಾತು ಮುಗಿಸುವುದು: ಹೆಂಗಸೊಬ್ಬಳು ಬಯಲಲ್ಲಿ ನಿಂತು ಮಾತಾಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಇದನ್ನೆಲ್ಲ ಅವರು ಬೀದಿಯಲ್ಲೇ ಕಲಿತರು.

ಗಾಜು ಒಡೆದದ್ದು ಯಾಕೆ?

1910ರ ನವೆಂಬರ್ 18. ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಕಡೆ ಮೆರವಣಿಗೆ ಹೊರಟ ಮಹಿಳೆಯರ ಮೇಲೆ ಪೊಲೀಸರು ಗಂಟೆಗಟ್ಟಲೆ ಕೈಮಾಡಿದರು. ಎಳೆದಾಡಿದರು, ನೆಲಕ್ಕೆ ಕೆಡವಿದರು. ಇತಿಹಾಸದಲ್ಲಿ ಅದು ಕರಾಳ ಶುಕ್ರವಾರ ಎಂದೇ ಉಳಿದಿದೆ. ಡಬ್ಲಿನ್‌ನಿಂದ ಹೋಗಿದ್ದ ಆರು ಪ್ರತಿನಿಧಿಗಳಲ್ಲಿ ಮಾರ್ಗರೆಟ್ ಒಬ್ಬರು. ಆ ದಿನಗಳಲ್ಲೇ ಸಚಿವರ ಮನೆಗಳ ಕಿಟಕಿಗೆ ಕಲ್ಲು ಬಿತ್ತು. ಮಾರ್ಗರೆಟ್ ಒಂದು ತಿಂಗಳ ಸಜೆ ಪಡೆದು ಹಾಲೊವೇ ಜೈಲು ಸೇರಿದರು.

ಎರಡನೆಯ ಸಲ ಡಬ್ಲಿನ್‌ನಲ್ಲೇ. ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಮಸೂದೆ ಆಗ ಚರ್ಚೆಯಲ್ಲಿತ್ತು. ಬರಲಿರುವ ಐರಿಷ್ ಶಾಸನಸಭೆಗೆ ಹೆಂಗಸರೂ ಓಟು ಹಾಕುವಂತಾಗಲಿ ಎಂದು ತಂದ ತಿದ್ದುಪಡಿ 1912ರ ಕೊನೆಗೆ ಬಿದ್ದುಹೋಯಿತು. ನಾಡಿನ ಬಿಡುಗಡೆಗಾಗಿ ಗುಡುಗುತ್ತಿದ್ದ ಐರಿಷ್ ನಾಯಕರೇ ಅದಕ್ಕೆ ಬೆಂಬಲ ಕೊಡಲಿಲ್ಲ. ಅತ್ತ ಲಂಡನ್ನಿನಲ್ಲಿ ಇನ್ನೊಂದು ಮತಾಧಿಕಾರ ಮಸೂದೆಯೂ 1913ರ ಜನವರಿಯಲ್ಲಿ ತಾಂತ್ರಿಕ ಕಾರಣಕ್ಕೆ ಮುರಿದುಬಿತ್ತು. ಜನವರಿ 28ರಂದು ಮಾರ್ಗರೆಟ್ ಮತ್ತು ಜೊತೆಗಾರ್ತಿಯರು ಬ್ರಿಟಿಷ್ ಆಳಿಕೆಯ ಕೇಂದ್ರವಾಗಿದ್ದ ಡಬ್ಲಿನ್ ಕ್ಯಾಸಲ್‌ನ ಕಿಟಕಿಗಳನ್ನು ಒಡೆದರು. ಮತ್ತೆ ಒಂದು ತಿಂಗಳ ಸಜೆ, ಈ ಬಾರಿ ಟಲಮೋರ್ ಜೈಲಿನಲ್ಲಿ. ನಮ್ಮನ್ನು ಕಳ್ಳಕಾಕರ ಸಾಲಿನಲ್ಲಿ ಇಡಬೇಡಿ, ರಾಜಕೀಯ ಕೈದಿಗಳೆಂದು ಒಪ್ಪಿಕೊಳ್ಳಿ ಎಂದು ಅನ್ನ ಬಿಟ್ಟು ಕೂತರು. ಇಂಗ್ಲೆಂಡಿನಲ್ಲಿ 1909ರಿಂದಲೂ ಉಪವಾಸ ಕೂತ ಹೆಂಗಸರ ಗಂಟಲಿಗೆ ಕೊಳವೆ ತುರುಕಿ ಆಹಾರ ಸುರಿಯುತ್ತಿದ್ದರು. ಅದು ಗೊತ್ತಿದ್ದೂ ಕೂತರು. ಸರ್ಕಾರ ಮಣಿಯಿತು.

ಹೆಂಗಸರು ಕಲ್ಲು ಹಿಡಿದದ್ದು ಸರಿಯೇ ಎಂಬ ಚರ್ಚೆ ಅಂದಿನಿಂದಲೂ ಇದೆ. ಆದರೆ ಕಲ್ಲಿಗೆ ಮೊದಲು ನಲವತ್ತು ವರ್ಷಕ್ಕೂ ಮೀರಿ ಅರ್ಜಿಗಳು ಹೋಗಿದ್ದವು. ಕಾನೂನು ಮಾಡುವವರನ್ನು ಆರಿಸುವ ಹಕ್ಕಿಲ್ಲದವರಿಗೆ ಆ ಕಾನೂನನ್ನು ಮುರಿಯುವುದೊಂದೇ ದನಿ ಎತ್ತುವ ದಾರಿಯಾಗಿ ಉಳಿದಿತ್ತು. ಮುರಿದ ಮೇಲೆ ಓಡಿಹೋಗದೆ ನಿಂತು, ಹೆಸರು ಹೇಳಿ, ಸಜೆ ಅನುಭವಿಸಿದರು. ಒಡೆದದ್ದು ಗಾಜು, ಕಷ್ಟಕ್ಕೆ ಒಡ್ಡಿದ್ದು ತಮ್ಮದೇ ಮೈ.

ಮದನಪಲ್ಲಿಯ ಮೇಡಂ

1915ರಲ್ಲಿ ಥಿಯಾಸಫಿಯ ಮುಂದಾಳು ಆನಿ ಬೆಸೆಂಟ್ ತಮ್ಮ ‘ನ್ಯೂ ಇಂಡಿಯಾ’ ಪತ್ರಿಕೆಯ ಕೆಲಸಕ್ಕೆ ಜೇಮ್ಸ್ ಅವರನ್ನು ಕರೆಸಿಕೊಂಡರು. ದಂಪತಿ ಮದ್ರಾಸಿಗೆ ಬಂದಿಳಿದರು. ಮರುವರ್ಷ ಐರ್ಲೆಂಡಿನ ಈಸ್ಟರ್ ದಂಗೆಯನ್ನು ಹೊಗಳಿ ಬರೆದು ಜೇಮ್ಸ್ ಆ ಕೆಲಸ ಕಳೆದುಕೊಂಡರು. ದಂಪತಿಯನ್ನು ಬೆಸೆಂಟ್ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿಗೆ ಕಳಿಸಿದರು. ಕೋಲಾರದ ಗಡಿಗೆ ಹತ್ತಿರದ ಆ ಊರಿನಲ್ಲಿ ಮಾರ್ಗರೆಟ್ ಪಾಠ ಹೇಳಿದರು, ಸುತ್ತಲಿನ ಹೆಂಗಸರನ್ನು ಒಂದೆಡೆ ಸೇರಿಸತೊಡಗಿದರು. 1919ರ ಫೆಬ್ರುವರಿಯಲ್ಲಿ ರವೀಂದ್ರನಾಥ ಟ್ಯಾಗೋರ್ ಅಲ್ಲಿಗೆ ಬಂದು ‘ಜನ ಗಣ ಮನ’ ಹಾಡಿದಾಗ, ಅದರ ಸ್ವರಗಳನ್ನು ಬರೆದುಕೊಂಡವರೂ ಇದೇ ಸಂಗೀತ ಪದವೀಧರೆ.

ಅದಕ್ಕೂ ಮೊದಲೇ, 1917ರ ಮೇ 8ರಂದು ಅಡ್ಯಾರ್‌ನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹುಟ್ಟಿತ್ತು. ಬೆಸೆಂಟ್ ಅಧ್ಯಕ್ಷೆ, ಡೊರೊಥಿ ಜಿನರಾಜದಾಸ ಮತ್ತು ಮಾರ್ಗರೆಟ್ ಅದರ ಬೆನ್ನೆಲುಬು. ಅದೇ ವರ್ಷದ ಕೊನೆಗೆ ಭಾರತ ಸಚಿವ ಎಡ್ವಿನ್ ಮಾಂಟೆಗು ಆಡಳಿತ ಸುಧಾರಣೆಯ ಬಗ್ಗೆ ಅಭಿಪ್ರಾಯ ಕೇಳಲು ದೇಶಕ್ಕೆ ಬಂದರು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲು ನಿಯೋಗವೊಂದಕ್ಕೆ ಅವಕಾಶ ಕೊಡಿ ಎಂದು ಮಾರ್ಗರೆಟ್ ಕೇಳಿದರು. ರಾಜಕೀಯ ವಿಷಯಗಳಿಗೆ ಮಾತ್ರ ಭೇಟಿ ಎಂಬ ಉತ್ತರ ಬಂತು.

ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರೇನೋ. ರಾಜಕೀಯವೇ ಬೇಕೆಂದರೆ ಅದನ್ನೇ ಕೇಳೋಣ ಎಂದು ಅವರು ಮನವಿಯಲ್ಲಿ ಮತದ ಹಕ್ಕನ್ನು ಸೇರಿಸಿದರು. ಮುಂದೆ ಯಾವ ಮತಾಧಿಕಾರ ಬಂದರೂ ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು, ಗಂಡಸರಿಗಿರುವ ಪ್ರಾತಿನಿಧ್ಯದ ಅವಕಾಶವೇ ಹೆಂಗಸರಿಗೂ ಇರಬೇಕು ಎಂಬುದು ಅದರ ತಿರುಳು. 1917ರ ಡಿಸೆಂಬರ್‌ನಲ್ಲಿ ಮದ್ರಾಸಿನಲ್ಲಿ ಈ ಮನವಿ ಮಾಂಟೆಗು ಮತ್ತು ವೈಸ್‌ರಾಯ್ ಚೆಮ್ಸ್‌ಫರ್ಡ್ ಅವರ ಕೈ ಸೇರಿತು. ನಿಯೋಗದ ಮುಂದಾಳು ಸರೋಜಿನಿ ನಾಯ್ಡು. ಕರಡು ಬರೆದ ಮಾರ್ಗರೆಟ್ ಹಿಂದೆ ನಿಂತರು.

‘ಇನ್ನೂ ಕಾಲ ಬಂದಿಲ್ಲ’

ಸೌತ್‌ಬರೋ ಸಮಿತಿ, ಮತದ ಹಕ್ಕು ಯಾರಿಗೆ ಎಂದು ಗೊತ್ತುಮಾಡಲು ದೇಶ ಸುತ್ತಿ 1919ರಲ್ಲಿ ವರದಿ ಕೊಟ್ಟಿತು: ಇದು ಸಂಪ್ರದಾಯಸ್ಥ ಸಮಾಜ, ಪರ್ದಾ ಪದ್ಧತಿ ಇದೆ, ಹೆಂಗಸರಿಗೆ ಓಟು ಕೊಡಲು ಇನ್ನೂ ಕಾಲ ಬಂದಿಲ್ಲ. ಅಷ್ಟು ಹೊತ್ತಿಗೆ ಕಾಂಗ್ರೆಸ್ ಅಧಿವೇಶನವೇ ಮಹಿಳಾ ಮತದ ಪರ ನಿರ್ಣಯ ಮಾಡಿಯಾಗಿತ್ತು. ಬೆಸೆಂಟ್, ಸರೋಜಿನಿ ಮತ್ತು ಮುಂಬೈಯ ಹೀರಾಬಾಯಿ ಟಾಟಾ ಲಂಡನ್ನಿಗೇ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಬ್ರಿಟಿಷ್ ಸರ್ಕಾರ ನೇರವಾಗಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆಯಾ ಪ್ರಾಂತ್ಯದ ಶಾಸನಸಭೆಗಳು ಬೇಕಾದರೆ ಕೊಡಲಿ ಎಂದು ಹೊಣೆಯನ್ನು ದಾಟಿಸಿತು.

ಅಂದರೆ ಒಂದು ಹೋರಾಟ ಹತ್ತಾಯಿತು. ಪ್ರತಿ ಪ್ರಾಂತ್ಯದಲ್ಲೂ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಬೇಕಿತ್ತು. ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ನಿನ ಶಾಖೆಗಳು ಸಭೆ ನಡೆಸಿದವು, ಅದರ ‘ಸ್ತ್ರೀಧರ್ಮ’ ಪತ್ರಿಕೆ ಸುದ್ದಿ ಹೊತ್ತು ಓಡಾಡಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಮೊದಲು ಒಪ್ಪಿತು, ಅದೇ ವರ್ಷ ಮುಂಬೈ. ಬಂಗಾಳ 1921ರಲ್ಲಿ ತಳ್ಳಿಹಾಕಿ, 1925ರಲ್ಲಿ ಒಪ್ಪಿತು. ಮೈಸೂರು ಸಂಸ್ಥಾನದಲ್ಲಿ 1923ರ ಪ್ರಜಾಪ್ರತಿನಿಧಿ ಸಭೆಯ ಕಾಯ್ದೆ ಮತದಾನಕ್ಕೆ ಹೆಣ್ಣೆಂಬ ಅಡ್ಡಿಯನ್ನು ತೆಗೆಯಿತು. ಬ್ರಿಟನ್ನಿನಲ್ಲಿ 1918ರಲ್ಲಿ ಓಟು ಸಿಕ್ಕಿದ್ದು ಮೂವತ್ತು ದಾಟಿದ, ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ ಮಾತ್ರ. ಗಂಡಸಿಗೆ ಸಮನಾದ ಷರತ್ತು ಅಲ್ಲಿ ಬಂದದ್ದು 1928ರಲ್ಲಿ. ಕಾಲ ಬಂದಿಲ್ಲ ಎಂದು ನಮಗೆ ಹೇಳಿದವರ ನಾಡಿಗಿಂತ ಏಳು ವರ್ಷ ಮೊದಲೇ ಮದ್ರಾಸಿನ ಶಾಸನಸಭೆ ಆ ಸಮತೆಯನ್ನು ಕಾನೂನಿನಲ್ಲಿ ಬರೆದಿತ್ತು.

ಕಾಗದದ ಮೇಲಿನ ಸಮತೆ ಅದು. ಓಟಿಗೆ ಆಸ್ತಿಯೋ ಕಂದಾಯದ ರಸೀದಿಯೋ ಬೇಕಿತ್ತು. ಹೆಣ್ಣಿನ ಸಾಲಿನಲ್ಲಿ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆತನಗಳ ಮಾತು ಬೇರೆ. ಉಳಿದೆಡೆ ಹೊಲವೂ ಮನೆಯೂ ಗಂಡಸರ ಹೆಸರಿನಲ್ಲೇ. ಮದ್ರಾಸ್ ಪ್ರಾಂತ್ಯದಲ್ಲಿ ಓಟು ಸಿಕ್ಕವರು ವಯಸ್ಕ ಹೆಂಗಸರಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ಕೂಲಿ ಮಾಡುವವಳು, ಗೇಣಿದಾರನ ಹೆಂಡತಿ, ಆಸ್ತಿಯಿಲ್ಲದ ವಿಧವೆ ಎಲ್ಲರೂ ಹೊರಗೇ ಉಳಿದರು.

ಮಂಗಳೂರಿನ ಕಣ

ಆಸ್ತಿ ಇಲ್ಲದಿದ್ದರೆ ಹೆಣ್ಣಿನ ಪಾಡೇನು ಎಂಬುದನ್ನು ಮನೆಯಲ್ಲೇ ಕಂಡು ಬೆಳೆದವರು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಅವರು ಏಳು ವರ್ಷದವರಿದ್ದಾಗ ತಂದೆ ಅನಂತಯ್ಯ ಧಾರೇಶ್ವರ ಉಯಿಲು ಬರೆಯದೆ ತೀರಿಕೊಂಡರು. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿ ಮತ್ತು ಮಗಳಿಗೆ ಪಾಲಿಲ್ಲ. ಎಳೆ ವಯಸ್ಸಿನಲ್ಲೇ ವಿಧವೆಯಾದ ಕಮಲಾದೇವಿ ಮುಂದೆ ಕವಿ ಹರೀಂದ್ರನಾಥರನ್ನು ಮದುವೆಯಾಗಿ, ರಂಗಭೂಮಿಗೆ ಕಾಲಿಟ್ಟು, ಕಟ್ಟುಪಾಡುಗಳನ್ನು ಒಂದೊಂದಾಗಿ ದಾಟಿದರು.

1926ರಲ್ಲಿ ನಿಯಮ ಬದಲಾಗಿ ಹೆಂಗಸರು ಶಾಸನಸಭೆಗೆ ಸ್ಪರ್ಧಿಸಲು ದಾರಿ ತೆರೆಯಿತು. ಓಟು ಹಾಕುವುದು ಒಂದು. ಓಟು ಕೇಳುವುದು ಇನ್ನೊಂದು. ಯಾರಾದರೂ ಹೆಂಗಸು ನಿಲ್ಲದೆ ಹೋದರೆ ಈ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ ಎಂದು ಮಾರ್ಗರೆಟ್‌ಗೆ ಗೊತ್ತಿತ್ತು. ಕಮಲಾದೇವಿಯನ್ನು ಒಪ್ಪಿಸಿ, ಮಂಗಳೂರಿನಿಂದ ಮದ್ರಾಸ್ ಶಾಸನಸಭೆಗೆ ನಿಲ್ಲಿಸಿದರು. ಪ್ರಚಾರದಲ್ಲಿ ಜೊತೆಗೆ ನಿಂತರು. ತಯಾರಿಗೆ ಸಿಕ್ಕ ಕಾಲ ತೀರಾ ಕಡಿಮೆ, ಬೆನ್ನಿಗೆ ದೊಡ್ಡ ಪಕ್ಷವಿಲ್ಲ. ಮತದಾರರಲ್ಲಿ ಬಹುಪಾಲು ಆಸ್ತಿವಂತ ಗಂಡಸರು. ಆದರೂ ಕಮಲಾದೇವಿ ಸೋತದ್ದು ಅತ್ಯಲ್ಪ ಮತಗಳಿಂದ. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂಬ ಹೆಸರು ಕರಾವಳಿಯ ಈ ಮಗಳಿಗೆ ಸಲ್ಲುತ್ತದೆ.

ಆ ಸೋಲನ್ನು ನಾನು ಸೋಲೆಂದು ಎಣಿಸುವುದಿಲ್ಲ. ಹೆಂಗಸಿಗೆ ಯಾರು ಓಟು ಹಾಕುತ್ತಾರೆ ಎಂಬ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಮಂಗಳೂರಿನ ಮತದಾರರು ಉತ್ತರ ಕೊಟ್ಟಿದ್ದರು. ಅದಾದ ಸ್ವಲ್ಪ ದಿನಕ್ಕೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ಶಾಸನಸಭೆಗೆ ನಾಮಕರಣಗೊಂಡು ಉಪಸಭಾಧ್ಯಕ್ಷೆಯೂ ಆದರು.

ನ್ಯಾಯಪೀಠದಿಂದ ವೆಲ್ಲೂರಿಗೆ

1922ರಲ್ಲಿ ಮಾರ್ಗರೆಟ್ ಮದ್ರಾಸಿನ ಸೈದಾಪೇಟೆಯಲ್ಲಿ ಗೌರವ ಮ್ಯಾಜಿಸ್ಟ್ರೇಟ್ ಆದರು. ಭಾರತದಲ್ಲಿ ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ಹೆಣ್ಣುಮಕ್ಕಳಿಗೆ ಎಂಥ ಶಿಕ್ಷಣ ಬೇಕು ಎಂಬುದನ್ನು ಅವರೇ ಕೂಡಿ ಹೇಳಲಿ ಎಂದು 1926ರಲ್ಲಿ ದೇಶದ ಮಹಿಳೆಯರಿಗೆ ಪತ್ರ ಬರೆದು ಕರೆ ಕೊಟ್ಟರು. ಅದರ ಫಲವಾಗಿ 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಬರೋಡೆಯ ಮಹಾರಾಣಿ ಚಿಮ್ನಾಬಾಯಿ ಅಧ್ಯಕ್ಷತೆ ವಹಿಸಿದರು. ಸಂಘಟನೆಯ ಭಾರ ಮುಂದೆ ಕಮಲಾದೇವಿಯ ಹೆಗಲೇರಿತು. ಶಿಕ್ಷಣದಿಂದ ಶುರುವಾದ ಮಾತು ಬಾಲ್ಯವಿವಾಹ, ಆಸ್ತಿಹಕ್ಕು, ಮತದ ಹಕ್ಕುಗಳಿಗೆ ಹಬ್ಬಿತು.

ಬಿಳಿಯ ಹೆಂಗಸೊಬ್ಬಳು ಭಾರತದ ಮಹಿಳೆಯರಿಗೆ ದಾರಿ ತೋರುವುದೆಂದರೇನು ಎಂದು ಈಗಿನ ಇತಿಹಾಸಕಾರರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಅವರು ನಡೆದುಕೊಂಡ ರೀತಿಯಲ್ಲಿದೆ. ಮನವಿ ಬರೆದರು, ಮುಂದೆ ಸರೋಜಿನಿ ನಿಂತರು. ಕಣ ಸಿದ್ಧಮಾಡಿದರು, ಕಮಲಾದೇವಿ ನಿಂತರು. ಸಮ್ಮೇಳನ ಕರೆದರು; ಅದರ ಅಧ್ಯಕ್ಷ ಪೀಠದಲ್ಲಿ ತಾವು ಕೂತದ್ದು 1936ರಲ್ಲಿ. ಆ ಸಮ್ಮೇಳನ ಬಹುಕಾಲ ಓದಿದ, ಉಳ್ಳ ಮನೆಗಳ ಹೆಂಗಸರ ಕೂಟವಾಗಿಯೇ ಇತ್ತೆಂಬುದೂ ನಿಜ. ಆ ಕೊರತೆಯನ್ನು ಮುಚ್ಚಿಡಬೇಕಿಲ್ಲ.

ಕಾಲ ಬಂದಾಗ ಜೈಲಿಗೆ ಹೋಗಲು ಅವರು ಹಿಂಜರಿಯಲಿಲ್ಲ. 1932ರಲ್ಲಿ ಸರ್ಕಾರ ತುರ್ತು ಸುಗ್ರೀವಾಜ್ಞೆಗಳನ್ನು ಹೊರಡಿಸಿ ಸಭೆ, ಭಾಷಣಗಳ ಬಾಯಿ ಕಟ್ಟಿತು. ಅದರ ವಿರುದ್ಧ ಮದ್ರಾಸಿನಲ್ಲಿ ಬಹಿರಂಗವಾಗಿ ಮಾತಾಡಿದ ಮಾರ್ಗರೆಟ್‌ಗೆ ಒಂದು ವರ್ಷದ ಸಜೆಯಾಯಿತು. ಹಿಂದೆ ಮ್ಯಾಜಿಸ್ಟ್ರೇಟ್ ಆಗಿದ್ದ, ಐವತ್ತು ದಾಟಿದ ಹೆಂಗಸು ವೆಲ್ಲೂರು ಜೈಲಿಗೆ ನಡೆದರು. ಹಾಲೊವೇಯಲ್ಲಿ, ಟಲಮೋರ್‌ನಲ್ಲಿ ಹೆಣ್ಣಿನ ಓಟಿಗಾಗಿ ಪಟ್ಟ ಪಾಡನ್ನೇ ಇಲ್ಲಿ ಜನರ ಮಾತಿನ ಹಕ್ಕಿಗಾಗಿ ಪಟ್ಟರು.

ಹೆಸರಿಲ್ಲದ 28 ಲಕ್ಷ ಮಂದಿ

ಆಸ್ತಿವಂತರ ಹೆಂಡತಿಯರಿಗೂ ಓಟು ಕೊಡೋಣ ಎಂಬ ಸೂತ್ರವನ್ನು 1930ರ ದಶಕದಲ್ಲಿ ಬ್ರಿಟಿಷರು ಮುಂದಿಟ್ಟರು. ಮಹಿಳಾ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಗಂಡನ ಆಸ್ತಿಯ ನೆರಳಲ್ಲಿ ಬರುವ ಓಟು ಬೇಡ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಓಟು ಬೇಕು ಎಂದು ಅವು ಪಟ್ಟು ಹಿಡಿದವು. 1935ರ ಕಾಯ್ದೆ ಆ ಸೂತ್ರವನ್ನೇ ಉಳಿಸಿಕೊಂಡು ಸುಮಾರು 60 ಲಕ್ಷ ಹೆಂಗಸರಿಗೆ ಓಟು ಕೊಟ್ಟಿತು. ಗಂಡಸರು ಸುಮಾರು 2.9 ಕೋಟಿ. ಕೊನೆಗೆ ಸಂವಿಧಾನದ 326ನೇ ವಿಧಿ ಆಸ್ತಿ, ಓದು, ಮದುವೆ ಎಲ್ಲ ಷರತ್ತುಗಳನ್ನೂ ಕಿತ್ತೊಗೆಯಿತು.

ಹಾಗಿದ್ದೂ 1951–52ರ ಮೊದಲ ಮಹಾಚುನಾವಣೆಯ ಪಟ್ಟಿ ಮಾಡುವಾಗ ಬಹಳಷ್ಟು ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್, ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಸ್ಥಾನವಿಲ್ಲ ಎಂದರು. ಸುಮಾರು 28 ಲಕ್ಷ ಹೆಂಗಸರು, ಹೆಚ್ಚಿನಂಶ ಉತ್ತರ ಭಾರತದವರು, ಪಟ್ಟಿಯಿಂದ ಬಿದ್ದುಹೋದರು. ಕಠಿಣ ನಿರ್ಧಾರವಾದರೂ ಅದು ಸರಿಯಾಗಿತ್ತು. ಮುಂದಿನ ಚುನಾವಣೆಗಳಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಬಂದರು.

1943ರಲ್ಲಿ ಪಾರ್ಶ್ವವಾಯು ಬಡಿದು ಮಾರ್ಗರೆಟ್ ಅವರ ಓಡಾಟ ನಿಂತಿತ್ತು. ಗಂಡ ಹೆಂಡತಿ ಕೂಡಿ ಬರೆದ ಆತ್ಮಕಥೆ 1950ರಲ್ಲಿ ಹೊರಬಂತು. ತಾವು ಕರಡು ಬರೆದ ಬೇಡಿಕೆ ಕೋಟ್ಯಂತರ ಹೆಣ್ಣುಮಕ್ಕಳ ಕೈಯ ಮತಪತ್ರವಾದದ್ದನ್ನು ಕಂಡು, 1954ರ ಮಾರ್ಚ್ 11ರಂದು ಅಡ್ಯಾರ್‌ನಲ್ಲಿ ತೀರಿಕೊಂಡರು.

ಉಳಿದ ಅರ್ಧ

ಇವತ್ತು ಕರ್ನಾಟಕದ ಮತಗಟ್ಟೆಗಳಲ್ಲಿ ಹೆಂಗಸರ ಸಾಲು ಗಂಡಸರ ಸಾಲಿಗೆ ಸರಿಸಮ. 1917ರ ಮನವಿಯ ಮೊದಲರ್ಧ ಈಡೇರಿದೆ. ಎರಡನೆಯ ಅರ್ಧ, ಅಂದರೆ ಆರಿಸಿ ಬರುವ ಅವಕಾಶ, ಹಾಗೇ ನಿಂತಿದೆ. 2023ರ ವಿಧಾನಸಭೆ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು ಹತ್ತು ಮಂದಿ. ಹೆಂಗಸರಿಗೆ ಓಟು ಬೀಳುವುದಿಲ್ಲ ಎಂದು ಟಿಕೆಟ್ ಹಂಚುವವರು ಹೇಳುತ್ತಾರೆ. 1926ರ ಮಂಗಳೂರು ಆ ಮಾತನ್ನು ಆಗಲೇ ಸುಳ್ಳು ಮಾಡಿತ್ತು. 1983ರ ಕಾಯ್ದೆಯಂತೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಕಾದಿರಿಸಿ ದೇಶಕ್ಕೆ ದಾರಿ ತೋರಿದ್ದೂ ಇದೇ ರಾಜ್ಯ. ಆ ದಾರಿಯಲ್ಲಿ ಬಂದ ಸಾವಿರಾರು ಹೆಣ್ಣುಮಕ್ಕಳು ನೀರು, ಶಾಲೆ, ರಸ್ತೆಗಳ ಲೆಕ್ಕ ಕೇಳುವುದನ್ನು ಕಲಿತಿದ್ದಾರೆ.

ಶಾಸನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ ಸಂವಿಧಾನ ತಿದ್ದುಪಡಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಜನಗಣತಿ ಆಗಲಿ, ಕ್ಷೇತ್ರ ಮರುವಿಂಗಡಣೆ ಆಗಲಿ, ಆಮೇಲೆ ಜಾರಿ ಎಂಬ ಷರತ್ತನ್ನೂ ಅದರೊಳಗೇ ಬರೆದರು. ಕಾಯಿರಿ ಎಂಬ ಮಾತು ಮಾರ್ಗರೆಟ್‌ಗೆ ಡಬ್ಲಿನ್‌ನಲ್ಲೂ ಕೇಳಿತ್ತು, ಮದ್ರಾಸಿನಲ್ಲೂ ಕೇಳಿತ್ತು. ಅವರು ಎಲ್ಲೂ ಕಾಯಲಿಲ್ಲ. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕಿದರು. ನಮ್ಮ ಪಕ್ಷಗಳಿಗೆ ಟಿಕೆಟ್ ಹಂಚಲು ಯಾವ ಜನಗಣತಿಯೂ ಬೇಕಿಲ್ಲ, ಯಾವ ತಿದ್ದುಪಡಿಯೂ ಬೇಕಿಲ್ಲ. ಮುಂದಿನ ಚುನಾವಣೆಗೆ ಓಟು ಕೇಳಲು ಮನೆ ಬಾಗಿಲಿಗೆ ಬರುವವರನ್ನು ಪ್ರತಿ ಹೆಣ್ಣುಮಗಳೂ ಮೊದಲು ಕೇಳಬೇಕಾದದ್ದು ಇದನ್ನೇ: ಈ ಸಲ ನಮ್ಮಲ್ಲಿ ಎಷ್ಟು ಜನರಿಗೆ ಟಿಕೆಟ್ ಕೊಟ್ಟಿದ್ದೀರಿ?